69 ವರ್ಷ ಬಿಟ್ಟು ಖಾತೆಗೆ ಬಂದ ಒಂದು ರನ್: ಬೇಸ್‌ಬಾಲ್ ದಾಖಲೆಗಳು ಏಕೆ ಬದಲಾಗುತ್ತಲೇ ಇರುತ್ತವೆ?

ಹ್ಯಾಕ್ ವಿಲ್ಸನ್ ತೀರಿಕೊಂಡದ್ದು 1948ರಲ್ಲಿ. ಅವನ ಖಾತೆಗೆ ಇನ್ನೊಂದು ರನ್ ಸೇರಿದ್ದು 1999ರ ಜೂನ್‌ನಲ್ಲಿ. ಶಿಕಾಗೋ ಕಬ್ಸ್ ತಂಡದ ಈ ಬ್ಯಾಟರ್ 1930ರ ಸೀಸನ್‌ನಲ್ಲಿ ತನ್ನ ಹೊಡೆತಗಳಿಂದ ತಂಡಕ್ಕೆ 190 ರನ್ ತಂದುಕೊಟ್ಟ ಅಂತ ಸುಮಾರು ಎಪ್ಪತ್ತು ವರ್ಷ ಎಲ್ಲ ದಾಖಲೆ ಪುಸ್ತಕಗಳೂ ಹೇಳುತ್ತಿದ್ದವು. ಅದನ್ನು ಯಾರೂ ಮುರಿದಿರಲಿಲ್ಲ, ಇವತ್ತಿಗೂ ಮುರಿದಿಲ್ಲ. ಹಾಗಿದ್ದರೂ 1999ರಲ್ಲಿ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನ ಕಮಿಷನರ್ ಬಡ್ ಸೆಲಿಗ್, 'ಅದು 190 ಅಲ್ಲ, 191' ಎಂದು ಘೋಷಿಸಿದರು. ಅದೇ ಸುತ್ತಿನಲ್ಲಿ ಬೇಬ್ ರೂತ್‌ನ ಲೆಕ್ಕವೂ ತಿದ್ದುಪಡಿಯಾಯಿತು. ಅವನ ವೃತ್ತಿಜೀವನದ ವಾಕ್‌ಗಳು (ಇದೇನೆಂದು ಮುಂದೆ ಹೇಳುತ್ತೇನೆ) 2056ರಿಂದ 2062ಕ್ಕೆ ಏರಿದವು. ಎರಡು ವರ್ಷದ ಮೇಲೆ ರಿಕಿ ಹೆಂಡರ್ಸನ್ ಆ ದಾಖಲೆ ಮುರಿಯಲು ಹೊರಟಾಗ ಆರು ವಾಕ್ ಜಾಸ್ತಿ ಬೇಕಾಯಿತು.

ಆಟ ಮುಗಿದಿದೆ, ಆಡಿದವರು ಹೋಗಿಯಾಗಿದೆ. ಅಂಕಿ ಮಾತ್ರ ಇನ್ನೂ ಅಲುಗಾಡುತ್ತಿದೆ. ಇದು ಹೇಗೆ?

ಕ್ರಿಕೆಟ್ ನೋಡುವ ನಮಗೂ ಇದು ಪೂರ್ತಿ ಹೊಸದಲ್ಲ. ಜಾಕ್ ಹಾಬ್ಸ್ ಪ್ರಥಮ ದರ್ಜೆಯಲ್ಲಿ ಹೊಡೆದ ಶತಕ ಎಷ್ಟು ಅಂತ ಕೇಳಿದರೆ ಕೆಲವರು 197 ಅನ್ನುತ್ತಾರೆ, ಕೆಲವರು 199. 1930-31ರಲ್ಲಿ ವಿಜಯನಗರಂ ಮಹಾರಾಜಕುಮಾರನ ತಂಡದ ಪರ ಭಾರತ, ಸಿಲೋನ್‌ಗಳಲ್ಲಿ ಆಡಿದ ಪಂದ್ಯಗಳನ್ನು ಪ್ರಥಮ ದರ್ಜೆ ಎನ್ನಬೇಕೋ ಬೇಡವೋ ಎಂಬುದರ ಮೇಲೆ ಉತ್ತರ ನಿಂತಿದೆ. ಬೇಸ್‌ಬಾಲ್‌ನಲ್ಲಿ ಇಂಥ ಜಗಳಗಳು ಒಂದೆರಡಲ್ಲ, ರಾಶಿ ಇವೆ. ಅಮೆರಿಕದವರಿಗೆ ಈ ಆಟದ ಅಂಕಿಗಳ ಹುಚ್ಚು ಅಷ್ಟಿಷ್ಟಲ್ಲ. ಒಂದು ಹಿಟ್‌ಗಾಗಿ ನಲವತ್ತು ವರ್ಷ ವಾದ ಮಾಡುವ ಜನ ಅವರು.

ಮೊದಲು ನಾಲ್ಕು ಮಾತು ಆಟದ ಬಗ್ಗೆ. ಬ್ಯಾಟರ್ ಮೂರು ಬೇಸ್‌ಗಳನ್ನು, ಅಂದರೆ ಠಾಣೆಗಳನ್ನು, ಸುತ್ತಿ ಹೊರಟ ಜಾಗಕ್ಕೆ, ಅಂದರೆ 'ಮನೆ'ಗೆ, ಮರಳಿದರೆ ಒಂದು ರನ್. ಬ್ಯಾಟರ್ ಚೆಂಡು ಹೊಡೆದು, ಔಟಾಗದೆ, ಎದುರಾಳಿಯ ಫೀಲ್ಡಿಂಗ್ ತಪ್ಪಿನಿಂದಲ್ಲದೆ ಬೇಸ್ ತಲುಪಿದರೆ ಅದು ಹಿಟ್. ಚೆಂಡೆಸೆಯುವ ಪಿಚರ್ ನಾಲ್ಕು ಸಲ ಗುರಿ ತಪ್ಪಿ ಎಸೆದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ, ಅದು ವಾಕ್. ಒಟ್ಟು ಹಿಟ್‌ಗಳನ್ನು ಬ್ಯಾಟಿಂಗ್ ಸರದಿಗಳಿಂದ ಭಾಗಿಸಿದರೆ ಸರಾಸರಿ. ಅಂದರೆ ಕ್ರಿಕೆಟ್ ಸರಾಸರಿಯ ಹಾಗೆ ಇದು ರನ್ನಿನ ಲೆಕ್ಕವಲ್ಲ. ಹತ್ತು ಸರದಿಗೆ ಮೂರು ಹಿಟ್ ಹೊಡೆದವನದು .300, ಅವನು ಒಳ್ಳೆಯ ಆಟಗಾರ. ವಾಕ್ ಈ ಭಾಗಾಕಾರದಲ್ಲಿ ಮೇಲೂ ಬರುವುದಿಲ್ಲ, ಕೆಳಗೂ ಬರುವುದಿಲ್ಲ. ಬ್ಯಾಟರ್‌ನ ಹೊಡೆತದಿಂದ ಬೇಸ್‌ನಲ್ಲಿದ್ದವನು ಮನೆ ಸೇರಿ ರನ್ ಬಂದರೆ ಅದು ಬ್ಯಾಟರ್‌ನ ಖಾತೆಗೆ ಆರ್‌ಬಿಐ ಆಗಿ ಹೋಗುತ್ತದೆ. ವಿಲ್ಸನ್‌ಗೆ ಸಿಕ್ಕಿದ್ದು ಇಂಥದೇ ಒಂದು ಆರ್‌ಬಿಐ. ಇಷ್ಟು ಗೊತ್ತಿದ್ದರೆ ಸಾಕು.

ಈ ಲೆಕ್ಕದ ಚಟ ಹತ್ತಿಸಿದವರು ಕ್ರಿಕೆಟ್ ವರದಿಗಾರರೊಬ್ಬರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಹೆನ್ರಿ ಚಾಡ್ವಿಕ್ ಹುಟ್ಟಿದ್ದು 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ. ಹುಡುಗನಿದ್ದಾಗಲೇ ಅಮೆರಿಕಕ್ಕೆ ಬಂದರು, ಪತ್ರಿಕೆಗಳಿಗೆ ಕ್ರಿಕೆಟ್ ಬಗ್ಗೆ ಬರೆಯುತ್ತಿದ್ದರು. 1850ರ ದಶಕದಲ್ಲಿ ಬೇಸ್‌ಬಾಲ್ ಕಣ್ಣಿಗೆ ಬಿದ್ದ ಮೇಲೆ, ಕ್ರಿಕೆಟ್ ಸ್ಕೋರ್‌ಕಾರ್ಡಿನ ಶಿಸ್ತನ್ನು ಈ ಹೊಸ ಆಟಕ್ಕೆ ತಂದರು. ಅದಕ್ಕೂ ಮೊದಲೇ, 1845ರಲ್ಲೇ, ನ್ಯೂಯಾರ್ಕಿನ ಪತ್ರಿಕೆಯೊಂದು ಬೇಸ್‌ಬಾಲ್ ಪಂದ್ಯದ ಪುಟ್ಟ ಸ್ಕೋರ್‌ಪಟ್ಟಿ ಅಚ್ಚು ಹಾಕಿತ್ತು. ಅದರಲ್ಲಿ ಯಾರು ಎಷ್ಟು ಸಲ ಔಟ್, ಎಷ್ಟು ರನ್ ಅಷ್ಟೇ ಇತ್ತು. ಚಾಡ್ವಿಕ್ ಅದನ್ನು ಹಿಗ್ಗಿಸಿದರು, ತಿದ್ದಿದರು, ಪ್ರತಿ ಆಟಗಾರನಿಗೆ ಒಂದು ಸಾಲು, ಪ್ರತಿ ಕೆಲಸಕ್ಕೆ ಒಂದು ಕಾಲಂ ಎಂಬ ಪದ್ಧತಿ ಬೇರೂರುವಂತೆ ಮಾಡಿದರು. ಇದಕ್ಕೆ ಬಾಕ್ಸ್ ಸ್ಕೋರ್ ಎನ್ನುತ್ತಾರೆ. ಇಡೀ ದಾಖಲೆ ಪುಸ್ತಕದ ಇಟ್ಟಿಗೆ ಇದೇ.

ಬಾಕ್ಸ್ ಸ್ಕೋರಿನ ಸೊಗಸು ಎಲ್ಲಿದೆ ಅಂದರೆ, ಅದು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಬ್ಯಾಂಕಿನಲ್ಲಿ ಸಂಜೆ ಕ್ಯಾಷ್ ತಾಳೆ ನೋಡುತ್ತಾರಲ್ವಾ, ಹಾಗೇ. ಬ್ಯಾಟ್ ಹಿಡಿದು ಬಂದ ಪ್ರತಿಯೊಬ್ಬನಿಗೂ ಕೊನೆಗೆ ಆಗುವುದು ಮೂರೇ. ಒಂದೋ ರನ್ ಗಳಿಸುತ್ತಾನೆ, ಇಲ್ಲಾ ಔಟಾಗುತ್ತಾನೆ, ಇಲ್ಲಾ ಇನ್ನಿಂಗ್ಸ್ ಮುಗಿದಾಗ ಬೇಸ್‌ನಲ್ಲೇ ಉಳಿದುಬಿಡುತ್ತಾನೆ. ಆದ್ದರಿಂದ ಬಂದವರ ಸಂಖ್ಯೆಯೂ ಹೋದವರ ಸಂಖ್ಯೆಯೂ ಸರಿಹೊಂದಲೇಬೇಕು. ಒಂದು ತಂಡಕ್ಕೆ 34 ಬ್ಯಾಟಿಂಗ್ ಸರದಿ, 3 ವಾಕ್, ಮೈಗೆ ಚೆಂಡು ಬಡಿದು ಬೇಸ್ ಸಿಕ್ಕಿದ್ದು 1, ಜೊತೆಯವನನ್ನು ಮುಂದೆ ದಾಟಿಸಲು ಔಟಾದ 'ತ್ಯಾಗದ ಹೊಡೆತ' 1 ಎಂದಿಟ್ಟುಕೊಳ್ಳಿ. ಒಟ್ಟು 39 ಜನ ಬಂದರು. ಇನ್ನೊಂದು ಕಡೆ 5 ರನ್, ಬೇಸ್‌ನಲ್ಲಿ ಉಳಿದವರು 7, ಔಟ್ 27. ಅದೂ 39. ತಾಳೆ ಬಂತು. ಒಂದು ಹೆಚ್ಚು ಕಡಿಮೆ ಆದರೂ ಎಲ್ಲೋ ಎಡವಟ್ಟಾಗಿದೆ ಎಂದರ್ಥ. ಸ್ಕೋರರ್ ಕೂತಲ್ಲೇ ಅದನ್ನು ಹಿಡಿಯಬಹುದು.

ಹಾಗಾದರೆ ವಿಲ್ಸನ್‌ನ ತಪ್ಪು ಏಕೆ ಸಿಗಲಿಲ್ಲ? ತಾಳೆ ನೋಡುವುದು ಮೊತ್ತವನ್ನು, ಹೆಸರನ್ನಲ್ಲ. 1930ರ ಜುಲೈ 28ರಂದು ಕಬ್ಸ್ ತಂಡ ಸಿನ್ಸಿನಾಟಿ ರೆಡ್ಸ್ ವಿರುದ್ಧ ಒಂದೇ ದಿನ ಎರಡು ಪಂದ್ಯ ಆಡಿತು. ಎರಡನೆಯದರಲ್ಲಿ ವಿಲ್ಸನ್ ತಂದುಕೊಟ್ಟ ಒಂದು ರನ್ ಸ್ಕೋರ್‌ಶೀಟಿನಲ್ಲಿ ಅವನ ಜೊತೆಗಾರ ಚಾರ್ಲಿ ಗ್ರಿಮ್ ಹೆಸರಿಗೆ ಹೋಗಿಬಿಟ್ಟಿತು. ತಂಡದ ಒಟ್ಟು ಸರಿಯಾಗೇ ಇತ್ತು. ಒಬ್ಬನ ದುಡ್ಡು ಇನ್ನೊಬ್ಬನ ಪಾಸ್‌ಬುಕ್‌ಗೆ ಜಮಾ ಆಗಿತ್ತು ಅಷ್ಟೇ. ಇದನ್ನು ಹಿಡಿಯಬೇಕಾದರೆ ಆ ದಿನದ ಪತ್ರಿಕಾ ವರದಿಗಳನ್ನು ಇನ್ನಿಂಗ್ಸ್ ಇನ್ನಿಂಗ್ಸ್ ಓದಬೇಕಿತ್ತು. 1970ರ ದಶಕದಲ್ಲಿ ಹವ್ಯಾಸಿ ಸಂಶೋಧಕರು ಆ ಕೆಲಸ ಮಾಡಿದರು. ಅದು ಅಧಿಕೃತ ಆಗಲು ಮತ್ತೆ ಎರಡು ದಶಕ ಹಿಡಿಯಿತು.

ಸ್ಕೋರ್‌ಶೀಟಿನಿಂದ ಪುಸ್ತಕದವರೆಗೆ ಅಂಕಿಯ ಪಯಣವೂ ನೋಡುವಂಥದು. ಪ್ರತಿ ಊರಿನ ಅಧಿಕೃತ ಸ್ಕೋರರ್, ಸಾಮಾನ್ಯವಾಗಿ ಯಾರೋ ಸ್ಥಳೀಯ ಪತ್ರಕರ್ತ, ಪಂದ್ಯ ಮುಗಿದ ಮೇಲೆ ಫಾರಂ ತುಂಬಿ ಲೀಗ್ ಕಚೇರಿಗೆ ಕಳಿಸುತ್ತಿದ್ದ. ಅಲ್ಲಿ ದೊಡ್ಡ ಲೆಡ್ಜರುಗಳು. ಪ್ರತಿ ಆಟಗಾರನಿಗೆ ಒಂದು ಪುಟ, ಪ್ರತಿ ಪಂದ್ಯಕ್ಕೆ ಒಂದು ಸಾಲು. ಗುಮಾಸ್ತ ಫಾರಂ ನೋಡಿಕೊಂಡು ಶಾಯಿಯಲ್ಲಿ ಏರಿಸುತ್ತಾ ಹೋಗಬೇಕು, ಸೀಸನ್ ಕೊನೆಗೆ ಕೂಡಬೇಕು. ಸ್ಕೋರರ್ ತಪ್ಪಬಹುದು, ಏರಿಸುವವನು ತಪ್ಪಬಹುದು, ಕೂಡುವವನು ತಪ್ಪಬಹುದು.

ಏರಿಸುವವನ ಒಂದೇ ಒಂದು ತಪ್ಪು ಎಷ್ಟು ದೂರ ಹೋಗಬಲ್ಲದು ಅಂತ ನೋಡಬೇಕಾದರೆ 1910ಕ್ಕೆ ಹೋಗಬೇಕು.

ಆ ವರ್ಷ ಚಾಮರ್ಸ್ ಎಂಬ ಕಾರು ಕಂಪನಿ, ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿ ಗಳಿಸಿದವನಿಗೆ ಒಂದು ಕಾರು ಕೊಡುವುದಾಗಿ ಹೇಳಿತು. ಕೊನೆಗೆ ಉಳಿದವರು ಇಬ್ಬರು. ಡೆಟ್ರಾಯಿಟ್ ಟೈಗರ್ಸ್ ತಂಡದ ಟೈ ಕಾಬ್, ಕ್ಲೀವ್‌ಲ್ಯಾಂಡಿನ ನ್ಯಾಪ್ ಲಾಜೊವೇ. ಕಾಬ್ ಅಪ್ರತಿಮ ಆಟಗಾರ, ಆದರೆ ಎದುರಾಳಿಗಳಿಗೆ ಅವನನ್ನು ಕಂಡರಾಗದು. ಲಾಜೊವೇ ಎಲ್ಲರಿಗೂ ಬೇಕಾದವನು. ಅವನ ತಂಡಕ್ಕೇ ಅವನ ಹೆಸರಿಂದ 'ನ್ಯಾಪ್ಸ್' ಅನ್ನುತ್ತಿದ್ದರು ಅಂದರೆ ಲೆಕ್ಕ ಹಾಕಿ. ತಾನು ಮುಂದಿದ್ದೇನೆ ಅಂದುಕೊಂಡ ಕಾಬ್ ಕೊನೆಯ ಎರಡು ಪಂದ್ಯ ಆಡದೆ ಕೂತ.

ಅಕ್ಟೋಬರ್ 9ರಂದು ಸೇಂಟ್ ಲೂಯಿಸ್‌ನಲ್ಲಿ ಲಾಜೊವೇಗೆ ಎರಡು ಪಂದ್ಯ. ಎದುರಾಳಿ ಬ್ರೌನ್ಸ್ ತಂಡದ ಮ್ಯಾನೇಜರ್ ಜ್ಯಾಕ್ ಓಕಾನರ್ ತನ್ನ ಮೂರನೇ ಬೇಸ್ ಕಾಯುವ ಹುಡುಗ ರೆಡ್ ಕಾರಿಡನ್‌ಗೆ, ಹಿಂದೆ ಹೋಗಿ ನಿಲ್ಲು ಎಂದ. ಎಷ್ಟು ಹಿಂದೆ? ಔಟ್‌ಫೀಲ್ಡಿನ ಹುಲ್ಲಿನ ಹತ್ತಿರ. ಲಾಜೊವೇ ಮೊದಲು ಒಂದು ನಿಜವಾದ ತ್ರಿಬಲ್ ಹೊಡೆದ, ಅಂದರೆ ಒಂದೇ ಹೊಡೆತಕ್ಕೆ ಮೂರನೇ ಬೇಸ್. ಆಮೇಲೆ ಮೂರನೇ ಬೇಸ್ ಕಡೆಗೆ ಸುಮ್ನೆ ಚೆಂಡು ತಟ್ಟಿ ತಟ್ಟಿ ಓಡಿದ. ಅಲ್ಲಿ ಹಿಡಿಯಲು ಯಾರೂ ಇಲ್ಲ. ಎರಡು ಪಂದ್ಯ ಸೇರಿ ಎಂಟಕ್ಕೆ ಎಂಟು ಹಿಟ್. ಇನ್ನೊಂದು ಸಲ ಬೇಸ್ ತಲುಪಿದ್ದನ್ನು ಸ್ಕೋರರ್ ಹಿಟ್ ಎಂದು ಬರೆಯಲಿಲ್ಲ. ಅದನ್ನು ಹಿಟ್ ಮಾಡಿದರೆ ಹೊಸ ಸೂಟ್ ಕೊಡಿಸುವುದಾಗಿ ಬ್ರೌನ್ಸ್ ಕಡೆಯಿಂದ ಸ್ಕೋರರ್‌ಗೆ ಚೀಟಿ ಬಂತು. ಸ್ಕೋರರ್ ಒಪ್ಪಲಿಲ್ಲ.

ಗಲಾಟೆ ಎದ್ದಿತು. ಲೀಗ್ ಅಧ್ಯಕ್ಷ ಬ್ಯಾನ್ ಜಾನ್ಸನ್ ವಿಚಾರಣೆ ನಡೆಸಿ, ಎಲ್ಲ ಹಿಟ್‌ಗಳನ್ನೂ ಹಾಗೇ ಉಳಿಸಿ, ಕಾಬ್‌ನೇ ಗೆದ್ದವನು ಎಂದರು. 509 ಸರದಿಗೆ 196 ಹಿಟ್, .385. ಲಾಜೊವೇಗೆ 591ಕ್ಕೆ 227, .384. ಓಕಾನರ್ ಕೆಲಸ ಹೋಯಿತು. ಕಾರು ಕಂಪನಿ ಜಾಣತನ ಮಾಡಿ ಇಬ್ಬರಿಗೂ ಒಂದೊಂದು ಕಾರು ಕೊಟ್ಟಿತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. 1970ರ ದಶಕದ ಕೊನೆಯಲ್ಲಿ ಪೀಟ್ ಪಾಮರ್ ಎಂಬ ಅಂಕಿಅಂಶ ತಜ್ಞರು ಹಳೆಯ ಲೆಕ್ಕಗಳನ್ನು ಜಾಲಾಡುತ್ತಿದ್ದರು. ಡೆಟ್ರಾಯಿಟ್‌ನ ಒಂದು ಪಂದ್ಯ ಕಾಬ್‌ನ ಪುಟದಲ್ಲಿ ಎರಡು ಸಲ ಏರಿರುವುದು ಅವರಿಗೆ ಸಿಕ್ಕಿತು. ಆ ಪಂದ್ಯದಲ್ಲಿ ಅವನು ಮೂರು ಸರದಿಗೆ ಎರಡು ಹಿಟ್ ಹೊಡೆದಿದ್ದ. ಹೆಚ್ಚುವರಿ ಸಾಲನ್ನು ತೆಗೆದು ನೋಡಿ. 509ರಲ್ಲಿ 3 ಹೋದರೆ 506. 196ರಲ್ಲಿ 2 ಹೋದರೆ 194. ಭಾಗಿಸಿದರೆ .383. ಲಾಜೊವೇ .384. ಅಷ್ಟೆಲ್ಲ ನಾಟಕ ನಡೆದು, ವಿಚಾರಣೆ ನಡೆದು, ಕೊನೆಗೆ ಫಲಿತಾಂಶ ತಿರುಗಿಸಿದ್ದು ಗುಮಾಸ್ತನ ಲೇಖನಿ!

ಅದರ ಬಾಲವೂ ಉದ್ದ. ಕಾಬ್‌ನ ವೃತ್ತಿಜೀವನದ ಹಿಟ್‌ಗಳು 4191 ಎಂಬುದು ಅಮೆರಿಕದಲ್ಲಿ ಮಕ್ಕಳಿಗೂ ಬಾಯಿಪಾಠವಾಗಿದ್ದ ಸಂಖ್ಯೆ. ಅದು 4189 ಆಗಬೇಕು. ಅವನ ಹನ್ನೆರಡು ಬ್ಯಾಟಿಂಗ್ ಪ್ರಶಸ್ತಿಗಳಲ್ಲಿ ಒಂದು ಹೋಗಬೇಕು. ವೃತ್ತಿಜೀವನದ ಸರಾಸರಿ .367ರಿಂದ .366ಕ್ಕೆ ಇಳಿಯಬೇಕು. 1981ರಲ್ಲಿ 'ದಿ ಸ್ಪೋರ್ಟಿಂಗ್ ನ್ಯೂಸ್' ಪತ್ರಿಕೆ ಇದನ್ನು ಪ್ರಕಟಿಸಿದಾಗ ಆಗಿನ ಕಮಿಷನರ್ ಬೋವಿ ಕೂನ್ ತಿದ್ದಲು ಒಪ್ಪಲಿಲ್ಲ. ಎಪ್ಪತ್ತು ವರ್ಷದಿಂದ ಇದ್ದ ಫಲಿತಾಂಶ ಹಾಗೇ ಇರಲಿ ಎಂಬ ನಿಲುವು. ಇದರಿಂದ 1985ರಲ್ಲಿ ಒಂದು ತಮಾಷೆ ನಡೆಯಿತು. ಸೆಪ್ಟೆಂಬರ್ 11ರಂದು ಸಿನ್ಸಿನಾಟಿಯಲ್ಲಿ ಪೀಟ್ ರೋಸ್ 4192ನೇ ಹಿಟ್ ಹೊಡೆದಾಗ ಆಟ ನಿಲ್ಲಿಸಿ ಸಂಭ್ರಮಿಸಿದರು. ತಿದ್ದಿದ ಲೆಕ್ಕದ ಪ್ರಕಾರ ಅವನು ಕಾಬ್‌ನನ್ನು ದಾಟಿದ್ದು ಮೂರು ದಿನ ಮುಂಚೆ, ಸೆಪ್ಟೆಂಬರ್ 8ರಂದು, ಶಿಕಾಗೋದಲ್ಲಿ. ಸಂಭ್ರಮ ಊರೂ ತಪ್ಪಿತ್ತು, ತಾರೀಕೂ ತಪ್ಪಿತ್ತು.

ಅಧಿಕೃತ ದಾಖಲೆ ಪುಸ್ತಕ ಅನ್ನುವುದು ಒಂದು ಕಡೆ ಬೀಗ ಹಾಕಿಟ್ಟ ಒಂದೇ ಗ್ರಂಥ ಎಂದು ನಾವು ಭಾವಿಸುತ್ತೇವೆ. ಬೇಸ್‌ಬಾಲ್‌ನಲ್ಲಿ ಬಹಳ ಕಾಲ ಹಾಗಿರಲೇ ಇಲ್ಲ. ಒಂದು ಪುಸ್ತಕ ಪತ್ರಿಕೆಯದು, ಇನ್ನೊಂದು 1913ರಲ್ಲಿ ಶುರುವಾದ ಎಲಿಯಾಸ್ ಎಂಬ ಅಂಕಿಅಂಶ ಸಂಸ್ಥೆಯದು. ಲೀಗಿನ ಕೈಯಲ್ಲಿ ಸ್ವಂತದ್ದೊಂದು ಪುಸ್ತಕವೇ ಇರಲಿಲ್ಲ.

1961ರ ಪ್ರಸಿದ್ಧ 'ನಕ್ಷತ್ರ ಚಿಹ್ನೆ'ಯ ಗುಟ್ಟೂ ಇದೇ. 1927ರಲ್ಲಿ ಬೇಬ್ ರೂತ್ 154 ಪಂದ್ಯಗಳ ಸೀಸನ್‌ನಲ್ಲಿ 60 ಹೋಮ್ ರನ್ ಹೊಡೆದಿದ್ದ, ಅಂದರೆ ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಮನೆ ಸೇರುವುದು. 1961ರಲ್ಲಿ ಅಮೆರಿಕನ್ ಲೀಗ್ ಎಂಟು ತಂಡದಿಂದ ಹತ್ತಕ್ಕೆ ಬೆಳೆದು, ಪಂದ್ಯಗಳು 162 ಆದವು. ರೋಜರ್ ಮ್ಯಾರಿಸ್ ಆ ದಾಖಲೆಯ ಬೆನ್ನು ಹತ್ತಿದ್ದ. ಸೀಸನ್ ನಡುವೆಯೇ ಕಮಿಷನರ್ ಫೋರ್ಡ್ ಫ್ರಿಕ್, 154 ಪಂದ್ಯದೊಳಗೆ ಮುರಿಯದಿದ್ದರೆ ಬೇರೆ ಗುರುತು ಹಾಕಬೇಕು ಎಂದರು. ಇದೇ ಫ್ರಿಕ್ ಪತ್ರಕರ್ತರಾಗಿದ್ದಾಗ ರೂತ್‌ನ ಹೆಸರಿನಲ್ಲಿ ಲೇಖನ ಬರೆದುಕೊಡುತ್ತಿದ್ದರು. ನಿಷ್ಪಕ್ಷಪಾತ ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ಮ್ಯಾರಿಸ್ ಅಕ್ಟೋಬರ್ 1ರಂದು, ಕೊನೆಯ ಪಂದ್ಯದಲ್ಲಿ, 61ನೆಯದನ್ನು ಹೊಡೆದ. ಆದರೆ ಜನ ನೆನಪಿಟ್ಟುಕೊಂಡ ಆ ನಕ್ಷತ್ರ ಚಿಹ್ನೆ ಪುಸ್ತಕದಲ್ಲಿ ಬೀಳಲೇ ಇಲ್ಲ. ಎರಡೂ ದಾಖಲೆಗಳನ್ನು ಬೇರೆ ಬೇರೆ ಸಾಲಿನಲ್ಲಿ ಹಾಕಿದ್ದರು, ಅಷ್ಟೇ. 1991ರಲ್ಲಿ ಒಂದು ಸಮಿತಿ ಆ ಭೇದವನ್ನೂ ತೆಗೆದುಹಾಕಿತು. ಅಷ್ಟೊತ್ತಿಗೆ ಮ್ಯಾರಿಸ್ ತೀರಿಕೊಂಡು ಆರು ವರ್ಷವಾಗಿತ್ತು.

ಎಲ್ಲವನ್ನೂ ಮೊದಲಿಂದ ಎಣಿಸೋಣ ಎಂಬ ಸಾಹಸ ನಡೆದದ್ದು 1960ರ ದಶಕದ ಕೊನೆಯಲ್ಲಿ. ಡೇವಿಡ್ ನೆಫ್ಟ್ ಎಂಬುವರ ಮುಂದಾಳ್ತನದಲ್ಲಿ ಒಂದು ತಂಡ ಹಳೆಯ ಲೆಡ್ಜರುಗಳು, ಪತ್ರಿಕೆಗಳು, ಜಾನ್ ಟ್ಯಾಟರ್ಸಾಲ್ ಎಂಬ ಹವ್ಯಾಸಿ ವರ್ಷಗಟ್ಟಲೆ ಕತ್ತರಿಸಿ ಅಂಟಿಸಿಟ್ಟಿದ್ದ ಬಾಕ್ಸ್ ಸ್ಕೋರ್‌ಗಳು ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿತು. 1969ರಲ್ಲಿ ಮ್ಯಾಕ್‌ಮಿಲನ್ ಪ್ರಕಾಶನದ 'ಬೇಸ್‌ಬಾಲ್ ಎನ್‌ಸೈಕ್ಲೊಪಿಡಿಯಾ' ಹೊರಬಂತು. 2337 ಪುಟ. ಒಂದು ಕೈಯಲ್ಲಿ ಹಿಡಿದು ಓದುವ ಮಾತೇ ಇಲ್ಲ.

ಎಣಿಸುವುದು ಸುಲಭದ ಭಾಗ. ಯಾವ ನಿಯಮದಂತೆ ಎಣಿಸಬೇಕು ಎಂಬುದು ಕಷ್ಟ. ವಾಕ್‌ನ ಪಾಡು ನೋಡಿ. 1876ರಲ್ಲಿ ವಾಕ್ ಸಿಕ್ಕರೆ ಅದು ಹಿಟ್ ಇಲ್ಲದ ಸರದಿ, ಸರಾಸರಿ ಇಳಿಯುತ್ತಿತ್ತು. 1887ರಲ್ಲಿ ಒಂದೇ ವರ್ಷದ ಮಟ್ಟಿಗೆ ವಾಕ್ ಎಂದರೆ ಹಿಟ್, ಸರಾಸರಿ ಏರುತ್ತಿತ್ತು. (ಅದೇ ವರ್ಷ ಬ್ಯಾಟರ್ ಔಟಾಗಲು ಮೂರರ ಬದಲು ನಾಲ್ಕು ಸ್ಟ್ರೈಕ್, ಅಂದರೆ ಗುರಿಗೆ ಬಂದರೂ ಅವನು ಹೊಡೆಯದೆ ಬಿಟ್ಟ ಇಲ್ಲವೇ ಬೀಸಿ ತಪ್ಪಿದ ಎಸೆತ, ಬೇಕಿತ್ತು. ಬ್ಯಾಟರ್‌ಗಳಿಗೆ ಹಬ್ಬ.) ಆ ಲೆಕ್ಕದಲ್ಲಿ ಸೇಂಟ್ ಲೂಯಿಸ್‌ನ ಟಿಪ್ ಓನೀಲ್ ಸರಾಸರಿ .492. ವಾಕ್ ತೆಗೆದರೆ .435. ಯಾವುದು ಸರಿ? ಆ ಕಾಲದ ನಿಯಮದಂತೆ ಮೊದಲನೆಯದೇ ಸರಿ, ಅವನು ಆಡಿದ್ದು ಆ ನಿಯಮದಲ್ಲಿ. ಆದರೆ ಬೇರೆ ವರ್ಷದವರ ಜೊತೆ ಹೋಲಿಸಬೇಕಾದರೆ ಎಲ್ಲರಿಗೂ ಒಂದೇ ಅಳತೆ ಬೇಕಲ್ಲ! ಈ ಗೊಂದಲ ತೀರಿಸಲು ನೇಮಿಸಿದ ವಿಶೇಷ ದಾಖಲೆ ಸಮಿತಿ, 1887ರ ವಾಕ್‌ಗಳು ಹಿಟ್ ಅಲ್ಲ ಎಂದು ತೀರ್ಪು ಕೊಟ್ಟಿತು. ಕ್ಯಾಪ್ ಆನ್ಸನ್ ಎಂಬ ದಿಗ್ಗಜ 3000 ಹಿಟ್ ದಾಟಿದನೋ ಇಲ್ಲವೋ ಎಂಬುದು ಇಂಥ ತೀರ್ಪುಗಳ ಮೇಲೆ ಹಿಂದೆ ಮುಂದೆ ಆಗುತ್ತಿರುತ್ತದೆ. 1871ರಿಂದ 75ರವರೆಗೆ ಅವನು ಆಡಿದ ಲೀಗನ್ನೂ ಸೇರಿಸಿದರೆ 3400 ದಾಟುತ್ತದೆ. ಬಿಟ್ಟರೆ ಅವನು 3000ದ ಗಡಿಯಲ್ಲೇ ತೂಗಾಡುತ್ತಾನೆ.

ಅದೇ ಸಮಿತಿ ಬೇಬ್ ರೂತ್‌ಗೂ ಕೈ ಹಾಕಿ ಸುಟ್ಟುಕೊಂಡಿತು. 1918ರ ಜುಲೈ 8, ಬೋಸ್ಟನ್. ಸ್ಕೋರ್ 0-0, ಹೆಚ್ಚುವರಿ ಇನ್ನಿಂಗ್ಸ್, ಬೇಸ್‌ನಲ್ಲಿ ಒಬ್ಬನಿದ್ದ. ರೂತ್ ಚೆಂಡನ್ನು ಪ್ರೇಕ್ಷಕರ ನಡುವೆ ಬೀಳುವಂತೆ ಹೊಡೆದ. ಇವತ್ತಾದರೆ ಹೋಮ್ ರನ್. ಆಗಿನ ಪದ್ಧತಿಯಲ್ಲಿ ಬೇಸ್‌ನಲ್ಲಿದ್ದವನು ಗೆಲುವಿನ ರನ್ ಗಳಿಸಿದ ಕೂಡಲೇ ಪಂದ್ಯ ಮುಗಿಯಿತು, ರೂತ್‌ಗೆ ಸಿಕ್ಕಿದ್ದು ತ್ರಿಬಲ್ ಮಾತ್ರ. ಪಂದ್ಯ 1-0. ಈ ನಿಯಮ 1920ರಲ್ಲಿ ಬದಲಾಯಿತು. ಸಮಿತಿ ಮೊದಲು, ಹಳೆಯ ಇಂಥ ಹೊಡೆತಗಳನ್ನೆಲ್ಲ ಹೋಮ್ ರನ್ ಎಂದೇ ಎಣಿಸೋಣ ಎಂದಿತು. ಹಾಗಾದರೆ ರೂತ್‌ನ 714 ಹೋಗಿ 715 ಆಗಬೇಕು. 714 ಅಂದರೆ ಅಮೆರಿಕದಲ್ಲಿ ಅದೊಂದು ಮಂತ್ರ. ಸಮಿತಿ ಮತ್ತೆ ಕೂತು ತೀರ್ಮಾನ ವಾಪಸ್ ತೆಗೆದುಕೊಂಡಿತು, 714 ಉಳಿಯಿತು. ಉಳಿಯದಿದ್ದರೆ 1974ರ ಏಪ್ರಿಲ್ 8ರಂದು ಹ್ಯಾಂಕ್ ಆರನ್ ಹೊಡೆದ 715ನೆಯದು ಬರೀ ಸರಿಗಟ್ಟಿದ ಹೊಡೆತವಾಗುತ್ತಿತ್ತು.

ವಾಕ್ ವಿಷಯದಲ್ಲಿ ಇವತ್ತಿನ ನಿಯಮ, ರೂತ್ ವಿಷಯದಲ್ಲಿ ಅವತ್ತಿನ ನಿಯಮ. ಗಮನಿಸಿದಿರಾ?

ಹಳೆಯ ಅಂಕಿಪಟ್ಟಿ ಓದುವಾಗ ಇನ್ನೊಂದು ಎಚ್ಚರ ಬೇಕು. ಖಾಲಿ ಜಾಗ ಸೊನ್ನೆಯಲ್ಲ. ಆರ್‌ಬಿಐ ಅಧಿಕೃತ ಲೆಕ್ಕಕ್ಕೆ ಬಂದದ್ದೇ 1920ರಲ್ಲಿ. ಬ್ಯಾಟರ್ ಎಷ್ಟು ಸಲ ಸ್ಟ್ರೈಕ್ ಔಟ್ ಆದ ಎಂಬುದನ್ನು ಅಮೆರಿಕನ್ ಲೀಗ್ ಬರೆದಿಡಲು ಶುರುಮಾಡಿದ್ದು 1913ರಲ್ಲಿ. ಕಾಬ್ 1905ರಿಂದ ಆಡುತ್ತಿದ್ದ. ಅವನ ಮೊದಲ ವರ್ಷಗಳಲ್ಲಿ ಆ ಕಾಲಂ ಖಾಲಿ ಕಂಡರೆ, ಅವನು ಸ್ಟ್ರೈಕ್ ಔಟೇ ಆಗಲಿಲ್ಲ ಅಂತಲ್ಲ, ಯಾರೂ ಎಣಿಸಲಿಲ್ಲ ಅಂತ. ಕೊನೆಯಲ್ಲಿ ಗೆಲುವು ಕಾಪಾಡಿದ ಪಿಚರ್‌ಗೆ ಕೊಡುವ 'ಸೇವ್' 1969ರಲ್ಲಿ ಅಧಿಕೃತವಾಯಿತು. ಅದಕ್ಕೂ ಹಿಂದಿನವರ ಹೆಸರಿನ ಮುಂದೆ ಕಾಣುವ ಸೇವ್‌ಗಳು ಆಮೇಲೆ ಕೂತು ಲೆಕ್ಕ ಹಾಕಿದವು. ಆಡುವಾಗ ಅವರಿಗೇ ಗೊತ್ತಿರಲಿಲ್ಲ.

ಈ ಕೂತು ಲೆಕ್ಕ ಹಾಕುವ ಕೆಲಸ ಮಾಡುವವರು ಹೆಚ್ಚಾಗಿ ಸಂಬಳವಿಲ್ಲದ ಜನ. 1971ರಲ್ಲಿ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿನಲ್ಲಿ 16 ಮಂದಿ ಸೇರಿ ಅಮೆರಿಕನ್ ಬೇಸ್‌ಬಾಲ್ ಸಂಶೋಧನಾ ಸಂಘ ಕಟ್ಟಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ 'ಸೇಬರ್' ಅಂತಾರೆ. 1989ರಲ್ಲಿ ಡೆಲವೇರ್ ವಿಶ್ವವಿದ್ಯಾಲಯದ ಜೀವಶಾಸ್ತ್ರ ಪ್ರಾಧ್ಯಾಪಕ ಡೇವಿಡ್ ಸ್ಮಿತ್ 'ರೆಟ್ರೋಶೀಟ್' ಶುರುಮಾಡಿದರು. ಹಳೆಯ ಪಂದ್ಯಗಳ ಒಂದೊಂದು ಎಸೆತ-ಹೊಡೆತದ ಫಲಿತಾಂಶವನ್ನೂ ಹುಡುಕಿ, ಕಂಪ್ಯೂಟರಿಗೆ ಹಾಕಿ, ಯಾರು ಬೇಕಾದರೂ ಪುಕ್ಕಟೆ ಬಳಸಿಕೊಳ್ಳಲಿ ಎಂದು ಬಿಟ್ಟಿದ್ದಾರೆ. ಬಾಕ್ಸ್ ಸ್ಕೋರ್ ಮೊತ್ತ ಹೇಳುತ್ತದೆ, ಇದು ಕ್ರಮ ಹೇಳುತ್ತದೆ. ಯಾವ ಹೊಡೆತಕ್ಕೆ ಯಾರು ಮನೆ ಸೇರಿದ ಎಂದು ಗೊತ್ತಾದರೆ ವಿಲ್ಸನ್-ಗ್ರಿಮ್ ಥರದ ಅದಲುಬದಲು ತಾನಾಗಿ ಬಯಲಾಗುತ್ತದೆ.

ಇನ್ನು, ಬರೆದಿಟ್ಟಿದ್ದರೂ ಪುಸ್ತಕದೊಳಗೆ ಬಿಟ್ಟುಕೊಳ್ಳದ ಅಂಕಿಗಳ ವಿಷಯ. ಮೇಲೆ ಹೇಳಿದ ದಾಖಲೆ ಸಮಿತಿ ಇನ್ನೊಂದು ಪಟ್ಟಿಯನ್ನೂ ಮಾಡಿತ್ತು, ಇತಿಹಾಸದಲ್ಲಿ 'ಮೇಜರ್' ಲೀಗ್‌ಗಳು ಯಾವುವು ಎಂದು. ಆರು ಲೀಗ್ ಆರಿಸಿದರು. ಅದರಲ್ಲಿ 1884ರ ಯೂನಿಯನ್ ಅಸೋಸಿಯೇಷನ್ ಕೂಡ ಇದೆ. ಅದು ಬದುಕಿದ್ದು ಒಂದೇ ಸೀಸನ್. ನಡುವೆಯೇ ತಂಡಗಳು ಮುಚ್ಚಿದವು. ಒಂದು ತಂಡ 94 ಗೆದ್ದು 19 ಸೋತಿತು ಅಂದರೆ ಪೈಪೋಟಿ ಎಂಥದ್ದಿತ್ತು ನೋಡಿ. ಅಂಥದ್ದೂ ಮೇಜರ್. ಆದರೆ ಕಪ್ಪು ಆಟಗಾರರ ಲೀಗ್‌ಗಳು ಪಟ್ಟಿಯಲ್ಲಿ ಇಲ್ಲ. ಸಮಿತಿಯ ಸದಸ್ಯರೆಲ್ಲ ಬಿಳಿಯರು.

1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ಪರ ಆಡುವವರೆಗೆ, ಆರು ದಶಕ ಕಪ್ಪು ಆಟಗಾರರಿಗೆ ಮೇಜರ್ ಲೀಗ್ ಬಾಗಿಲು ಮುಚ್ಚಿತ್ತು. ಅವರು ತಮ್ಮದೇ ಲೀಗ್ ಕಟ್ಟಿಕೊಂಡರು. 1920ರಲ್ಲಿ ಕನ್ಸಾಸ್ ಸಿಟಿಯಲ್ಲಿ ರೂಬ್ ಫಾಸ್ಟರ್ ನೇತೃತ್ವದಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಹುಟ್ಟಿತು. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್, 1920ರಿಂದ 1948ರವರೆಗಿನ ಇಂಥ ಏಳು ಲೀಗ್‌ಗಳೂ ಮೇಜರ್ ಎಂದು ಒಪ್ಪಿತು. ಬಾಯಿಮಾತಿನಲ್ಲಿ ಒಪ್ಪುವುದು ಸುಲಭ, ಅಂಕಿ ಸೇರಿಸುವುದು ಕಷ್ಟ. ಇತಿಹಾಸಕಾರ ಜಾನ್ ಥಾರ್ನ್ ಅಧ್ಯಕ್ಷತೆಯ ಸಮಿತಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತು, 2024ರ ಮೇ 29ರಂದು 2300ಕ್ಕೂ ಹೆಚ್ಚು ಆಟಗಾರರ ಲೆಕ್ಕ ಮುಖ್ಯ ಪುಸ್ತಕಕ್ಕೆ ಸೇರಿತು.

ಬೆಳಗಾಗುವುದರೊಳಗೆ ಪಟ್ಟಿಗಳ ತುದಿಯೇ ಬದಲಾಯಿತು. ವೃತ್ತಿಜೀವನದ ಸರಾಸರಿಯಲ್ಲಿ ಕಾಬ್‌ನ .367ರ ಮೇಲೆ ನೀಗ್ರೋ ಲೀಗ್‌ಗಳ ತಾರೆ ಜಾಶ್ ಗಿಬ್ಸನ್‌ನ .372 ಬಂತು. ಒಂದೇ ಸೀಸನ್‌ನ ಸರಾಸರಿಯಲ್ಲಿ 1894ರ ಹ್ಯೂ ಡಫಿಯ .440 ಇಳಿದು, 1943ರ ಗಿಬ್ಸನ್‌ನ .466 ಮೇಲೇರಿತು. ವಿಲ್ಲಿ ಮೇಸ್ ಹುಡುಗನಾಗಿದ್ದಾಗ 1948ರಲ್ಲಿ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ಪರ ಹೊಡೆದ 10 ಹಿಟ್‌ಗಳು ಸೇರಿ ಅವನ ಮೊತ್ತ 3283ರಿಂದ 3293 ಆಯಿತು. ಮೇಸ್ ಆಗ ಬದುಕಿದ್ದ, 93 ವರ್ಷ. ಮೂರು ವಾರದ ಮೇಲೆ ತೀರಿಕೊಂಡ.

ಆಕ್ಷೇಪ ಬಂದೇ ಬಂತು. ಆ ಲೀಗ್‌ಗಳ ಸೀಸನ್ ಚಿಕ್ಕದು, ಅರವತ್ತು-ಎಂಬತ್ತು ಪಂದ್ಯ ಅಷ್ಟೇ. ಕಡಿಮೆ ಪಂದ್ಯದಲ್ಲಿ ಸರಾಸರಿ ಎತ್ತರ ಹಾರುವುದು ಸುಲಭ ಎಂಬ ವಾದದಲ್ಲಿ ಹುರುಳಿದೆ. ಅದಕ್ಕೇ ಕನಿಷ್ಠ ಅರ್ಹತೆ ಎಂಬ ನಿಯಮ ಇರುವುದು. ಒಂದು ಸೀಸನ್‌ನ ಪ್ರಶಸ್ತಿಗೆ ತಂಡದ ಪ್ರತಿ ಪಂದ್ಯಕ್ಕೆ ಸರಾಸರಿ 3.1 ಸಲ ಬ್ಯಾಟಿಂಗ್‌ಗೆ ಬಂದಿರಬೇಕು. 162 ಪಂದ್ಯವಾದರೆ 502 ಸಲ. ಪಂದ್ಯ ಕಡಿಮೆಯಾದರೆ ಅದೂ ಕಡಿಮೆ. ಇದು ಗಿಬ್ಸನ್‌ಗಾಗಿ ಸಡಿಲಿಸಿದ್ದಲ್ಲ. 2020ರಲ್ಲಿ ಕೊರೊನಾದಿಂದಾಗಿ ಮೇಜರ್ ಲೀಗ್ ಬರೀ 60 ಪಂದ್ಯ ಆಡಿತು. ಆ ವರ್ಷ .364 ಹೊಡೆದ ಡಿಜೆ ಲಮೆಹ್ಯೂನನ್ನು ಬ್ಯಾಟಿಂಗ್ ಚಾಂಪಿಯನ್ ಅಂತ ಯಾರೂ ತಕರಾರಿಲ್ಲದೆ ಒಪ್ಪಿಕೊಂಡರು. ಅವನಿಗೊಂದು ನ್ಯಾಯ, ಗಿಬ್ಸನ್‌ಗೊಂದು ನ್ಯಾಯ ಮಾಡಲು ಬರುವುದಿಲ್ಲ. ಮತ್ತೆ ಕಾಬ್, ರೂತ್ ಕೂಡ ದೇಶದ ಒಳ್ಳೆಯ ಪಿಚರ್‌ಗಳಲ್ಲಿ ಹಲವರನ್ನು ಎದುರಿಸದೆಯೇ ಅಷ್ಟು ಹೊಡೆದದ್ದು. ಆ ಪಿಚರ್‌ಗಳು ಕಪ್ಪು ಬಣ್ಣದವರಾಗಿದ್ದರು, ಬಾಗಿಲ ಹೊರಗಿದ್ದರು.

ಸೀಸನ್ ಚಿಕ್ಕದಾದದ್ದೂ ಅವರ ಇಷ್ಟದಿಂದಲ್ಲ. ಹೊಟ್ಟೆಪಾಡಿಗೆ ಊರೂರು ಸುತ್ತಿ ಸಿಕ್ಕ ಸಿಕ್ಕ ತಂಡದ ಜೊತೆ ಆಡುತ್ತಿದ್ದರು. ಆ ಪಂದ್ಯಗಳು ಲೀಗ್ ಪಂದ್ಯಗಳಲ್ಲ, ಲೆಕ್ಕಕ್ಕಿಲ್ಲ. ಬೇಸ್‌ಬಾಲ್ ದಿಗ್ಗಜರ ಗೌರವ ಮಂದಿರವಾದ ಹಾಲ್ ಆಫ್ ಫೇಮ್‌ನಲ್ಲಿರುವ ಗಿಬ್ಸನ್ ಫಲಕದಲ್ಲಿ ಲೀಗ್ ಮತ್ತು ಹೊರಗಿನ ಆಟ ಸೇರಿ ಸುಮಾರು 800 ಹೋಮ್ ರನ್ ಎಂದಿದೆ. ಅಧಿಕೃತ ಪುಸ್ತಕದಲ್ಲಿ ಅವನ ಹೋಮ್ ರನ್ 200 ಕೂಡ ಮುಟ್ಟುವುದಿಲ್ಲ.

ಲೀಗ್ ಪಂದ್ಯಗಳಲ್ಲೂ ಸಮಿತಿಯ ಕೈಗೆ ಸಿಕ್ಕಿರುವುದು ಸುಮಾರು ಮುಕ್ಕಾಲು ಪಾಲು. ಬಿಳಿಯರ ದಿನಪತ್ರಿಕೆಗಳು ಈ ಆಟಕ್ಕೆ ಜಾಗ ಕೊಟ್ಟದ್ದು ಕಡಿಮೆ. 'ಪಿಟ್ಸ್‌ಬರ್ಗ್ ಕೊರಿಯರ್', 'ಶಿಕಾಗೋ ಡಿಫೆಂಡರ್' ಮುಂತಾದ ಕಪ್ಪು ಜನರ ಪತ್ರಿಕೆಗಳೇ ಆಧಾರ. ಅವು ವಾರಪತ್ರಿಕೆಗಳು. ಏಳು ದಿನದ ಪಂದ್ಯಗಳನ್ನು ಒಂದೆರಡು ಪುಟದಲ್ಲಿ ತುರುಕಬೇಕು. ಜಾಗವಿಲ್ಲದಾಗ ಪೂರ್ತಿ ಬಾಕ್ಸ್ ಸ್ಕೋರ್ ಬಿಟ್ಟು ಒಂದೇ ಸಾಲು ಹಾಕುತ್ತಿದ್ದರು. ಯಾವ ತಂಡಕ್ಕೆ ಎಷ್ಟು ರನ್, ಎಷ್ಟು ಹಿಟ್, ಎಷ್ಟು ತಪ್ಪು. ಅದರ ಕೆಳಗೆ 'ಬ್ಯಾಟರಿ', ಅಂದರೆ ಎರಡೂ ಕಡೆಯ ಪಿಚರ್ ಮತ್ತು ಕ್ಯಾಚರ್ ಹೆಸರು.

ಗಿಬ್ಸನ್ ಕ್ಯಾಚರ್. ಹಾಗಾಗಿ ಅಂಥ ಪಂದ್ಯದಲ್ಲೂ ಅವನ ಹೆಸರು ಅಚ್ಚಾಗಿರುತ್ತದೆ. ಅವನು ಆಡಿದ್ದು ಗೊತ್ತು, ತಂಡ ಹನ್ನೆರಡು ಹಿಟ್ ಹೊಡೆದದ್ದೂ ಗೊತ್ತು, ಆ ಹನ್ನೆರಡರಲ್ಲಿ ಅವನವು ಎಷ್ಟು ಎಂಬುದು ಮಾತ್ರ ಗೊತ್ತಿಲ್ಲ. ಆ ಪಂದ್ಯದ ಪೂರ್ತಿ ಬಾಕ್ಸ್ ಸ್ಕೋರ್ ಬೇರೆ ಯಾವುದೋ ಊರಿನ ಪತ್ರಿಕೆಯಲ್ಲಿ ಸಿಕ್ಕು, ಅದು ತಾಳೆಯೂ ಬಂದರೆ, ಅವನ ಪುಟಕ್ಕೆ ಒಂದು ಸಾಲು ಸೇರುತ್ತದೆ. ಆ ದಿನ ಅವನು ನಾಲ್ಕಕ್ಕೆ ಮೂರು ಹೊಡೆದಿದ್ದರೆ .372 ಒಂದಿಷ್ಟು ಮೇಲೆ ಹೋಗುತ್ತದೆ, ನಾಲ್ಕಕ್ಕೆ ಸೊನ್ನೆಯಾಗಿದ್ದರೆ ಕೆಳಗೆ. ಎರಡಕ್ಕೂ ಸಮಿತಿ ತಯಾರಿದೆ, ಹುಡುಕಾಟ ಇನ್ನೂ ನಡೆದಿದೆ.